ನನ್ನ ಹರೆಯ ಕಂಡವರಿಲ್ಲದ ಊರಿನಲ್ಲಿ

ಆದೋನಿಗೆ ಬಂದಿಳಿದ ಮಧ್ಯಾಹ್ನ ನಾನು ಆಡಿದ ಮೊದಲ ಮಾತು ನೀರು ಕೇಳಿದ್ದು. ‘ವಸಿ ನೀರು ಕೊಡ್ತೀರಾ ಅಕ್ಕ, ಬಾಯಿ ಒಣಗೋಗದೆ’ ಎಂದೆ. ಗೋಡೆಗೆ ಒರಗಿ ಕೂತಿದ್ದ ಹುಲಿಗೆಮ್ಮ, ಅಂದರೆ ನನ್ನ ಗಂಡನ ಅಕ್ಕ, ಒಂದು ಕ್ಷಣ ನನ್ನತ್ತ ಕಿವಿಗೊಟ್ಟು, ಆಮೇಲೆ ತಮ್ಮನ ಕಡೆ ಮುಖ ಮಾಡಿ ಕೇಳಿದರು:

‘ಈಕಿ ಯಾವ ಭಾಷಿ ಮಾತಾಡ್ತಾಳೋ?’

‘ಕನ್ನಡನ ಅಕ್ಕ. ಮೈಸೂರು ಕಡೀದು’ ಎಂದರು ಅವರು.

‘ಕನ್ನಡ ಹಿಂಗಿರಂಗಿಲ್ಲ ಬಿಡು’ ಎಂದು ಹುಲಿಗೆಮ್ಮ ತೀರ್ಮಾನ ಕೊಟ್ಟರು.

ತೆಲುಗಿನ ಊರಿಗೆ ಹೋಗುತ್ತಿದ್ದೇನೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಟಿದ್ದೆ. ಆದರೆ ಐವತ್ತಾರು ವರ್ಷ ಆಡಿಕೊಂಡು ಬಂದ ನನ್ನ ಕನ್ನಡವನ್ನೇ ಇನ್ನೊಬ್ಬ ಕನ್ನಡದವರು ಗುರುತಿಸದೆ ಹೋಗಬಹುದೆಂದು ಯಾರೂ ಹೇಳಿರಲಿಲ್ಲ. ‘ವಸಿ’ ಅಂದರೆ ಸ್ವಲ್ಪ ಎಂದು ಅವರಿಗೆ ತಿಳಿಯಲಿಲ್ಲ. ನೀರೇನೋ ಬಂತು. ನಮ್ಮ ತಿರುಮಕೂಡಲಿನಲ್ಲಿ ಚೊಂಬು ತುಂಬಿಸಿ ಕೊಡುತ್ತೇವೆ. ಇಲ್ಲಿ ಅರ್ಧ ಲೋಟ ಬಂತು. ಅದು ಜಿಪುಣತನವಲ್ಲ, ಈ ಊರಿನ ನಡವಳಿಕೆ ಎಂದು ಅರ್ಥವಾಗಲು ಒಂದು ಬೇಸಿಗೆ ಬೇಕಾಯಿತು.

ನಾನು ಇಲ್ಲಿಗೆ ಬಂದದ್ದು ಮದುವೆಯಾಗಿ. ಈ ವಯಸ್ಸಿನಲ್ಲಿ ಎರಡನೆಯ ಮದುವೆ ಎಂದು ಎಲ್ಲರೂ ತಿಳಿಯುತ್ತಾರೆ. ನನಗೆ ಅದು ಮೊದಲನೆಯದು, ಅವರಿಗೆ ಎರಡನೆಯದು. ಹರೆಯದಿಂದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ದುಡಿದೆ. ಅದು ಮುಚ್ಚಿದ ಮೇಲೆ ಅಣ್ಣನ ಮನೆಯಲ್ಲಿದ್ದೆ. ಅಣ್ಣನ ಮಗನಿಗೆ ಮದುವೆಯಾಗಿ ಸೊಸೆ ಬಂದಾಗ ಮನೆ ಚಿಕ್ಕದಾಯಿತು. ಯಾರೂ ನನ್ನನ್ನು ಹೋಗೆನ್ನಲಿಲ್ಲ. ಹಜಾರದಲ್ಲಿ ಮಲಗತೊಡಗಿದ ನನಗೆ ಎಲ್ಲರ ಕಾಲಿಗೆ ಅಡ್ಡವಾಗಿದ್ದೇನೆ ಅನ್ನಿಸುತ್ತಿತ್ತು, ಅಷ್ಟೆ. ಬಳ್ಳಾರಿಗೆ ಕೊಟ್ಟಿರುವ ನನ್ನ ತಂಗಿಯ ಮಗಳು ಈ ಸಂಬಂಧ ತಂದಳು. ಅವರು ಪಶು ಆಸ್ಪತ್ರೆಯಲ್ಲಿ ಕುರಿಗಳಿಗೆ ಚುಚ್ಚುಮದ್ದು ಹಾಕುತ್ತಾ ಆಸ್ಪರಿ, ದೇವನಕೊಂಡದ ಹಳ್ಳಿಗಳನ್ನೆಲ್ಲ ಸೈಕಲ್ಲಿನಲ್ಲಿ ಸುತ್ತಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗಂಡನ ಹೆಸರು ಹಿಡಿದು ಬರೆಯಲು ನನಗೆ ಈಗಲೂ ಮುಜುಗರ. ಓದುವವರಿಗೆ ತೊಡಕಾಗಬಾರದೆಂದು ಒಮ್ಮೆ ಹೇಳಿಬಿಡುತ್ತೇನೆ, ಈರಣ್ಣ.

ಬಳ್ಳಾರಿಯಲ್ಲಿ ನೋಡಲು ಬಂದಾಗ ಅವರು ಸುತ್ತಿ ಬಳಸಿ ಮಾತಾಡಲಿಲ್ಲ. ‘ಅಕ್ಕಗ ಕಣ್ಣು ಕಾಣಂಗಿಲ್ಲ. ಅಡಿಗಿ ನಾನಾ ಮಾಡ್ತೀನಿ, ಅದಕ್ಕಲ್ಲ. ಸಂಜಿ ಆದ್ರ ಮನಿಯಾಗ ಮಾತಾಡೋರು ಬೇಕು ಅನಿಸ್ತೈತಿ’ ಎಂದರು. ನನಗೆ ಆ ಮಾತು ಹಿಡಿಸಿತು. ಅರ್ಧ ಮಾತು ಅರ್ಥವಾಗದಿದ್ದರೂ ಹಿಡಿಸಿತು.

ಮನೆ ಬಂಡೆಗುಡ್ಡದ ಬುಡದಲ್ಲಿದೆ. ಕಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿಯ ಮಾಳಿಗೆ. ನಮ್ಮೂರಲ್ಲಿ ಹಿತ್ತಲಿನ ಆಚೆ ನಾಲೆ ಹರಿಯುತ್ತದೆ. ನೀರಿನ ಸದ್ದು ಇದೆ ಎಂಬುದೇ ಮರೆತುಹೋಗುವಷ್ಟು ರೂಢಿ. ಇಲ್ಲಿ ನಲ್ಲಿ ಬರುವ ದಿನ ಮನೆಯ ಪಾತ್ರೆಗಳೆಲ್ಲ ಅಂಗಳಕ್ಕೆ ಇಳಿಯುತ್ತವೆ. ನಾನು ತೆಲುಗಿನಲ್ಲಿ ಕಲಿತ ಮೊದಲ ಪೂರ್ತಿ ವಾಕ್ಯವೂ ಅದೇ: ‘ನೀಳ್ಳು ಎಪ್ಪುಡು ವಸ್ತಾಯಿ?’ ನೀರು ಯಾವಾಗ ಬರುತ್ತದೆ. ಅದಕ್ಕೆ ಸಿಕ್ಕ ಉತ್ತರ ‘ಎಲ್ಲುಂಡಿ’. ಎಲ್ಲೋ ಉಂಟು ಎನ್ನುತ್ತಿದ್ದಾರೆ ಎಂದುಕೊಂಡು ಕೊಡ ಹಿಡಿದು ಬೀದಿ ಕೊನೆಯವರೆಗೆ ಹುಡುಕಿಕೊಂಡು ಹೋಗಿ ಬಂದೆ. ಎಲ್ಲುಂಡಿ ಅಂದರೆ ನಾಡಿದ್ದು. ಅಂಗಡಿಯವನು ನನ್ನನ್ನು ‘ಪೆದ್ದಮ್ಮಾ’ ಎಂದಾಗಲಂತೂ ಮನೆಗೆ ಬಂದು ಅತ್ತುಬಿಟ್ಟೆ. ತೆಲುಗಿನಲ್ಲಿ ಪೆದ್ದ ಎಂದರೆ ದೊಡ್ಡ, ಪೆದ್ದಮ್ಮ ಎಂದರೆ ದೊಡ್ಡಮ್ಮ ಎಂದು ನಮ್ಮವರು ನಗದೆ ವಿವರಿಸಿದರು. ನಗದೆ ಇದ್ದದ್ದಕ್ಕೆ ಇವತ್ತಿಗೂ ನನಗೆ ಅವರ ಮೇಲೆ ಗೌರವ.

ಊಟ ಬೇಗ ಒಗ್ಗಿತು. ಬೆಳಿಗ್ಗೆ ಉಗ್ಗಾಣಿ, ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ ಒಗ್ಗರಣೆ ಹಾಕುತ್ತಾರೆ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಜೋಳದ ರೊಟ್ಟಿ ತಟ್ಟಲು ಮಾತ್ರ ಬಹಳ ಕಾಲ ಬರಲಿಲ್ಲ. ಮುದ್ದೆ ತಿರುವಿದ ಕೈಗೆ ರೊಟ್ಟಿ ಅಂಚು ಒಡೆದು ನಕ್ಷೆಯಂತಾಗುತ್ತಿತ್ತು. ಕಣ್ಣು ಕಾಣದ ಹುಲಿಗೆಮ್ಮ ಬೆರಳಲ್ಲಿ ಅಂಚು ಸವರಿ ನೋಡಿ, ಏನೂ ಅನ್ನದೆ ಮುರಿದು ತಿನ್ನುತ್ತಿದ್ದರು.

ನನ್ನನ್ನು ದಣಿಸಿದ್ದು ಇದಾವುದೂ ಅಲ್ಲ. ದಣಿಸಿದ್ದು ಸಂಜೆಗಳು.

ಬಿಸಿಲು ಇಳಿದ ಮೇಲೆ ಮನೆಯ ಮುಂದಿನ ಕಟ್ಟೆಗೆ ಒಂದು ಚೊಂಬು ನೀರು ಚಿಮುಕಿಸಿ ಎಲ್ಲರೂ ಕೂರುತ್ತಾರೆ. ಹುಲಿಗೆಮ್ಮ, ಎದುರು ಮನೆಯ ಖಾಜಾಬೀ, ಒಂದು ಕುರ್ಚಿ ಹಾಕಿಕೊಂಡು ನಮ್ಮವರು. ಖಾಜಾಬೀಗೂ ಎಪ್ಪತ್ತು ದಾಟಿದೆ. ಕೂತ ಮೇಲೆ ಮಾತು ತಾನಾಗಿ ಹಿಂದಕ್ಕೆ ಹೋಗುತ್ತದೆ. ಹಿಂದಕ್ಕೆ ಹೋದ ಕೂಡಲೇ ಸುಂಕಮ್ಮ ಬರುತ್ತಾರೆ. ಸುಂಕಮ್ಮ ಎಂದರೆ ತೀರಿಕೊಂಡ ಅವರ ಮೊದಲ ಹೆಂಡತಿ.

ಖಾಜಾಬೀ ಮತ್ತು ಸುಂಕಮ್ಮ ಹರೆಯದಲ್ಲಿ ಒಂದೇ ಹತ್ತಿ ಮಿಲ್ಲಿನಲ್ಲಿ, ಬೀಜ ಬಿಡಿಸುವ ಯಂತ್ರದ ಬಳಿ ಕೂಲಿ ಮಾಡಿದವರು. ಸಂಜೆ ಹೊರಗೆ ಬಂದಾಗ ಹುಬ್ಬಿನ ಮೇಲೆಲ್ಲ ಹತ್ತಿ ಕೂತು, ಇಪ್ಪತ್ತು ವರ್ಷಕ್ಕೇ ಮುದುಕಿಯರಂತೆ ಕಾಣುತ್ತಿದ್ದರಂತೆ. ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾ ದಾರಿಯುದ್ದಕ್ಕೂ ಕೋಲೂರಿಕೊಂಡು ನಡೆಯುವಂತೆ ನಟಿಸುತ್ತಿದ್ದರಂತೆ. ಆಸ್ಪರಿ ಕಡೆ ಹತ್ತಿ ಬಿಡಿಸಲು ಹೋದಾಗ ಮಳೆ ಹಿಡಿದು, ಎರೆಮಣ್ಣು ಕಾಲಿಗೆ ಮೆತ್ತಿ, ಮುಳ್ಳು ತುಳಿದ ಹುಲಿಗೆಮ್ಮನನ್ನು ಸುಂಕಮ್ಮ ಬೆನ್ನ ಮೇಲೆ ಹೊತ್ತು ದಾರಿಗೆ ತಂದಿದ್ದರಂತೆ. ಇನ್ನೊಮ್ಮೆ ಕುರಿಗಳಿಗೆ ರೋಗ ಬಿದ್ದು ನಮ್ಮವರು ದೇವನಕೊಂಡದ ಹಟ್ಟಿಯಲ್ಲೇ ಉಳಿದುಬಿಟ್ಟಾಗ ಸುಂಕಮ್ಮ ಕುರಿ ತುಂಬಿದ ಲಾರಿಯಲ್ಲಿ ರೊಟ್ಟಿ, ಉಳ್ಳಾಗಡ್ಡಿ ಕಟ್ಟಿಕೊಂಡು ಹೋಗಿ ಇಳಿದರಂತೆ. ಕೇಳಿದವರಿಗೆ, ಕುರಿ ನೋಡೋಕ ಬಂದೀನಿ, ಗಂಡನ್ನಲ್ಲ ಎಂದರಂತೆ. ಈ ಕಥೆಗೆ ಮೂವರೂ ಪ್ರತಿ ಸಲವೂ ನಗುತ್ತಾರೆ. 

ನಾನು ಅವರೇಕಾಯಿ ಸುಲಿಯುತ್ತಾ ಕೇಳುತ್ತಿದ್ದೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವ ವಯಸ್ಸಲ್ಲ ನನ್ನದು. ನಿಜ ಹೇಳಬೇಕೆಂದರೆ ಸುಂಕಮ್ಮನ ಮೇಲೆ ನನಗೆ ಮಮತೆಯೇ ಬೆಳೆದಿತ್ತು. ಆದರೆ ಇನ್ನೊಬ್ಬರ ಹರೆಯವನ್ನು ದಿನಾ ಕೂತು ಕೇಳುವುದು ಬಹಳ ಸುಸ್ತು ಮಾಡುವ ಕೆಲಸ. ಈ ಊರಿನಲ್ಲಿ ನಾನು ನರೆತ ಕೂದಲಿನೊಂದಿಗೇ ಹುಟ್ಟಿದವಳು. ನನ್ನ ಜಡೆ ಎಷ್ಟು ಉದ್ದವಿತ್ತು, ನಾನು ಹೇಗೆ ನಡೆಯುತ್ತಿದ್ದೆ, ನನಗೂ ಒಮ್ಮೆ ಇಪ್ಪತ್ತು ವರ್ಷವಾಗಿತ್ತು ಎಂದು ಹೇಳಲು ಇಲ್ಲಿ ಒಬ್ಬರೂ ಇಲ್ಲ. ಮನೆಗೆ ಬಂದ ನೆಂಟರಿಗೆ ಪರಿಚಯಿಸುವಾಗಲೂ ‘ಸುಂಕಮ್ಮ ಹೋದ ಮ್ಯಾಲ ಬಂದಾಕಿ’ ಎನ್ನುತ್ತಿದ್ದರು, ಸುಮಿತ್ರ ಎಂಬ ನನ್ನ ಹೆಸರಿನಿಂದಲ್ಲ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಎರಡನೆಯ ವರ್ಷದ ಬೇಸಿಗೆಯಲ್ಲಿ ನನ್ನಿಂದಾಗಲಿಲ್ಲ. ಒಂದು ಸಂಜೆ ಕಟ್ಟೆಗೆ ಹೋಗಲಿಲ್ಲ. ಒಳಗೆ ಕೂತು ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬಿದೆ. ಅಣ್ಣನ ಮನೆಗೆ ಹೋಗಿ ಬರುತ್ತೇನೆ ಎಂದು ಮಧ್ಯಾಹ್ನವೇ ನಮ್ಮವರಿಗೆ ಹೇಳಿದ್ದೆ. ಅವರು ಹ್ಞೂಂ ಎಂದಿದ್ದರು. ಬರುವುದು ಯಾವಾಗ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬರುವ ಮನಸ್ಸು ನನಗಿರಲಿಲ್ಲ ಎಂಬುದು ಬಹುಶಃ ಅವರಿಗೂ ಗೊತ್ತಿತ್ತು.

ಗೋಡೆ ಹಿಡಿದುಕೊಂಡು ಹುಲಿಗೆಮ್ಮ ಒಳಗೆ ಬಂದರು. ಚೀಲ ಕಾಣಲಿಲ್ಲ, ಆದರೆ ಸೀರೆ ಮಡಚುವ ಸದ್ದು ಕೇಳಿಸಿರಬೇಕು. ಮಂಚದ ಅಂಚು ತಡವಿ ಕೂತರು.

‘ಹೊರಗ ಯಾಕ ಬರಲಿಲ್ಲ?’

ತಲೆನೋವು ಎಂದೆ.

‘ನಾವು ದಿನಾ ನಮ್ಮದಾ ಹೇಳ್ಕೊಂತ ಕುಂತೀವಿ. ನೀನೂ ಒಂದು ಹೇಳು ನೋಡೋಣು. ಸಣ್ಣಾಕಿ ಇದ್ದಾಗಿಂದು.’

ಹೇಳುವಂಥದ್ದು ಏನೂ ಇಲ್ಲ ಅಕ್ಕ ಎಂದೆ.

‘ಐವತ್ತಾರು ವರ್ಷ ಏನೂ ಆಗದಂಗ ಹೆಂಗ ಇದ್ದಿ?’ ಎಂದರು ಅವರು. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದರು.

ಕೈ ಹಿಡಿದು ಅವರನ್ನು ಕಟ್ಟೆಗೆ ಕರೆತಂದೆ, ಅಥವಾ ಅವರೇ ನನ್ನನ್ನು ಕರೆತಂದರು. ನಮ್ಮವರು ತಮ್ಮ ಕುರ್ಚಿಯಲ್ಲಿದ್ದರು, ಖಾಜಾಬೀಯೂ ಅಲ್ಲೇ ಇದ್ದರು. ‘ಕೈಕು ಚುಪ್ ಇದ್ದಿ ದಿನಾ? ಮಾತಾಡು’ ಎಂದು ಜಾಗ ಮಾಡಿಕೊಟ್ಟರು. ಕೈಕು ಎಂದರೆ ಯಾಕೆ.

ಹೇಗೆ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ರೇಷ್ಮೆ ಗೂಡು ಬೇಯಿಸುತ್ತಿದ್ದೆವು ಎಂದೆ. ಗೂಡು ಎಂದರೆ ಹಕ್ಕಿಯದಾ ಎಂದು ಹುಲಿಗೆಮ್ಮ ತಡೆದರು. ಅಲ್ಲ, ರೇಷ್ಮೆ ಹುಳು ತನ್ನ ಸುತ್ತ ಕಟ್ಟಿಕೊಳ್ಳುವುದು ಎಂದೆ. ಪಟ್ಟೆ ಸೀರೆ ಹುಳದ ಬಾಯಿಂದ ಬರುತ್ತದೆಂದು ಆ ವಯಸ್ಸಿನವರೆಗೂ ಅವರಿಗೆ ತಿಳಿದಿರಲಿಲ್ಲ. ಒಳಗೆ ಹುಳು ಇರುವಾಗಲೇ ಬೇಯಿಸುತ್ತೀರಾ ಎಂದು ಕೇಳಿ ತುಸು ಹೊತ್ತು ಮುಖ ಸಿಂಡರಿಸಿಕೊಂಡು ಕೂತರು. ಹತ್ತಿಯಲ್ಲಿ ಇಂಥ ಪಾಪವಿಲ್ಲ ಎಂದು ಖಾಜಾಬೀ ಸಮಾಧಾನಪಟ್ಟುಕೊಂಡರು. ನಾನು ಮುಂದುವರಿಸಿದೆ.

ಆಗ ನನಗೆ ಹತ್ತೊಂಬತ್ತು. ಕುದಿನೀರಿನ ತೊಟ್ಟಿಯಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ಯಂತ್ರಕ್ಕೆ ಕೊಡುವುದು ನಮ್ಮ ಕೆಲಸ. ಬೆರಳ ತುದಿ ಬೆಂದು ಬೆಳ್ಳಗಾಗಿರುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರಬೇಕು. ನನ್ನ ಪಕ್ಕದ ತೊಟ್ಟಿಯಲ್ಲಿ ರತ್ನ ಎಂಬವಳಿದ್ದಳು. ಏಳು ತಿಂಗಳ ಬಸುರಿ. ಒಂದು ಸ್ಟೂಲು ಕೊಡಿ ಎಂದು ಸೂಪರ್‌ವೈಸರನ್ನು ಕೇಳಿಕೊಂಡಳು. ನೀನು ಕೂತರೆ ಎಲ್ಲರೂ ಕೂರುತ್ತಾರೆ ಎಂದ ಅವನು. ಆ ದಿನ ಮಧ್ಯಾಹ್ನ ಅವಳು ನಿಂತಲ್ಲೇ ಕುಸಿದಳು. ಅವನು ಬಂದು ಮುಖಕ್ಕೆ ನೀರು ಚಿಮುಕಿಸಿ, ಎಬ್ಬಿಸಿ, ಮತ್ತೆ ತೊಟ್ಟಿಯ ಮುಂದೆ ನಿಲ್ಲಿಸಿ ಹೋದ.

ಎಲ್ಲ ತೊಟ್ಟಿಗಳಿಗೂ ಒಂದೇ ಕೊಳವೆಯಿಂದ ಉಗಿ ಬರುತ್ತಿತ್ತು. ಅದರ ದೊಡ್ಡ ತಿರುಪು ಬಾಗಿಲ ಹತ್ತಿರದ ಗೋಡೆಯಲ್ಲಿತ್ತು. ನಾನು ಹೋಗಿ ಸೆರಗನ್ನು ಕೈಗೆ ಸುತ್ತಿಕೊಂಡು ಅದನ್ನು ತಿರುಗಿಸಿ ಮುಚ್ಚಿಬಿಟ್ಟೆ. ಧೈರ್ಯವೆಂದಲ್ಲ, ಯೋಚನೆಯನ್ನೇ ಮಾಡಿರಲಿಲ್ಲ. ತೊಟ್ಟಿಗಳು ತಣ್ಣಗಾದವು. ಒಂದೊಂದೇ ಯಂತ್ರದಲ್ಲಿ ಎಳೆ ಕಡಿಯಿತು. ಏನಾಯಿತೆಂದು ತಿಳಿದಾಗ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕೈ ನೀರಿನಿಂದ ತೆಗೆದು ಸೀರೆಗೆ ಒರೆಸಿಕೊಂಡು ನಿಂತರು. ಸಂಜೆಯವರೆಗೆ ಕೆಲಸ ನಡೆಯಲಿಲ್ಲ. ಮೇಲಿನವರು ಬಂದು ಯಾರು ಮಾಡಿದ್ದು ಎಂದು ಕೇಳಿದರು. ನಾನು ಎಂದೆ.

ಕಾರ್ಖಾನೆಯವರು ಕೆಲವು ವಾರ ನನ್ನನ್ನು ಮನೆಯಲ್ಲಿ ಕೂರಿಸಿ, ಮತ್ತೆ ಕೆಲಸಕ್ಕೆ ಕರೆದರು. ಆಗ ನನಗೆ ಮಳವಳ್ಳಿ ಕಡೆಯ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಸುದ್ದಿ ಅಲ್ಲಿಗೂ ಮುಟ್ಟಿತು. ಕಾರ್ಖಾನೆ ನಿಲ್ಲಿಸಿದ ಹುಡುಗಿ ನಮ್ಮ ಮನೆಯನ್ನು ಏನು ಮಾಡಿಯಾಳು ಎಂದು ಹೇಳಿಕಳಿಸಿದರು. ಅಪ್ಪ ಬಹಳ ಕಾಲ ನನ್ನೊಡನೆ ಮಾತು ಬಿಟ್ಟರು. ಆಮೇಲೆ ಬಂದ ಸಂಬಂಧಗಳಿಗೂ ಯಾರೋ ಆ ವಿಷಯ ತಲುಪಿಸುತ್ತಿದ್ದರು. ಕಡೆಕಡೆಗೆ ಸಂಬಂಧಗಳು ಬರುವುದೇ ನಿಂತಿತು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವ ಹಾಗಿರಲಿಲ್ಲ. ನಾನೂ ಎತ್ತಿರಲಿಲ್ಲ. ಅವತ್ತು ಕಟ್ಟೆಯ ಮೇಲೆ ಹೇಳಿದ್ದೇ ಮೊದಲು.

ಹೇಳಿ ಮುಗಿಸಿದೆ. ಖಾಜಾಬೀ ತಮ್ಮ ಸೆರಗಿನ ತುದಿ ನೋಡುತ್ತಾ ಕೂತಿದ್ದರು. ಎರಡು ವರ್ಷ ಜೊತೆಗಿದ್ದೂ ಇದನ್ನು ಮುಚ್ಚಿಟ್ಟೆ ಎಂದು ನಮ್ಮವರು ಬೇಸರಪಟ್ಟರೇನೋ ಎಂದು ನನಗೆ ಹೆದರಿಕೆ. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ ಕೇಳಿದರು:

‘ಸ್ಟೂಲು ಕೊಟ್ರಾ ಕಡೀಕ?’

‘ಕೊಟ್ರು. ಎಲ್ಲಾರ್ಗೂ ಕೊಟ್ರು’ ಎಂದೆ.

‘ಹಂಗಾದ್ರ ಆತು’ ಎಂದು ಅವರು ಹಿಂದಕ್ಕೆ ಒರಗಿದರು.

ನಮ್ಮೂರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನಿನಗೇಕೆ ಬೇಕಿತ್ತು ಎಂದು ಕೇಳಿದವರಿದ್ದರು, ಹುಡುಗ ಕೈತಪ್ಪಿದನಲ್ಲ ಎಂದು ಮರುಗಿದವರಿದ್ದರು. ಸ್ಟೂಲಿನ ಗತಿ ಏನಾಯಿತೆಂದು ಕೇಳಿದವರು ಇವರೊಬ್ಬರೇ. ನಾನು ಎದ್ದು ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತೆ. ಆಮೇಲೆ ರೊಟ್ಟಿಗೆ ಹಿಟ್ಟು ಕಲಸಿದೆ.

ಚೀಲ ತುಂಬಿಯಾಗಿತ್ತು, ಅಣ್ಣನಿಗೂ ಹೇಳಿಯಾಗಿತ್ತು. ಆದ್ದರಿಂದ ಊರಿಗೆ ಹೋದೆ. ಗುಂತಕಲ್ಲಿನಿಂದ ರೈಲು, ಬೆಂಗಳೂರಿನಿಂದ ಬಸ್ಸು. ಹೊಲಗಳಲ್ಲಿ ನೀರು ನಿಂತದ್ದು ಕಂಡ ಕೂಡಲೇ ಮೈಯ ಕಾವೆಲ್ಲ ಇಳಿಯಿತು. ನಾಲೆಯಲ್ಲಿ ಕಾಲು ಇಳಿಬಿಟ್ಟು ಬಹಳ ಹೊತ್ತು ಕೂತೆ. ಅತ್ತಿಗೆ ಮುದ್ದೆ, ಉಪ್ಸಾರು ಮಾಡಿ ಬಡಿಸಿದರು. ಉಣ್ಣುತ್ತಾ, ಉಪ್ಪು ಕಮ್ಮಿ ಐತಿ ಎಂದುಬಿಟ್ಟೆ. ಇಡೀ ಮನೆ ನಕ್ಕಿತು. ಅಣ್ಣನ ಸೊಸೆ ಎರಡು ದಿನ ನನ್ನನ್ನು ‘ಆಂಧ್ರದ ಅಜ್ಜಿ’ ಎಂದು ಕರೆದಳು.

ಒಂದು ಸಂಜೆ ಅಣ್ಣ, ತಂಗಿ, ನಾನು ಹಜಾರದಲ್ಲಿ ಕೂತಿದ್ದೆವು. ಮಾತು ಹಿಂದಕ್ಕೆ ಹೋಯಿತು. ಹೊಳೆಯಲ್ಲಿ ಈಜು ಕಲಿತದ್ದು, ಅಮ್ಮ ಕಬ್ಬಿನ ಹಾಲಿನಲ್ಲಿ ಪಾಯಸ ಮಾಡುತ್ತಿದ್ದದ್ದು, ಎಲ್ಲ ಬಂತು. ಇಲ್ಲಿ ನನ್ನ ಜಡೆ ನೆನಪಿದ್ದವರಿದ್ದರು. ಅದು ಮಂಡಿಯವರೆಗೆ ಬರುತ್ತಿತ್ತು ಎಂದು ತಂಗಿಯೇ ಹೇಳಿದಳು. ನನಗೆ ಧೈರ್ಯ ಬಂತು. ‘ನಾನು ಕಾರ್ಖಾನೇಲಿ ಉಗಿ ನಿಲ್ಸಿದ್ನಲ್ಲಾ, ಆವತ್ತು...’ ಎಂದು ಶುರು ಮಾಡಿದೆ.

ಅಣ್ಣ ಎದ್ದು ಫ್ಯಾನಿನ ಸ್ವಿಚ್ಚು ಹಾಕಿದ. ‘ಆ ಸಮಾಚಾರ ಈಗ್ಯಾಕವ್ವ, ಬುಡು’ ಎಂದ. ಗದರಲಿಲ್ಲ, ನನಗೆ ನೋವಾಗದಿರಲಿ ಎಂದೇ ಅಂದದ್ದು. ಅಣ್ಣನ ಸೊಸೆ ಏನು ಅತ್ತೆ ಅದು ಎಂದು ಕೇಳಿದಳು. ಏನೂ ಇಲ್ಲ ಎಂದು ಅತ್ತಿಗೆ ಟೀವಿಯ ಸದ್ದು ಹೆಚ್ಚಿಸಿದರು. ನಾನೂ ಏನೂ ಇಲ್ಲ ಎಂದೆ. ಆ ಮನೆಯಲ್ಲಿ ನನಗೆ ಯಾರ ಮೇಲೂ ಸಿಟ್ಟಿಲ್ಲ. ಹಜಾರದಲ್ಲಿ ಮಲಗಿದಾಗ ನಾಲೆಯ ಸದ್ದು ಜೋರಾಗಿ ಕೇಳಿಸಿತು, ಮೊದಲೆಂದೂ ಅಷ್ಟು ಕೇಳಿಸಿದ್ದಿಲ್ಲ.

ಮರುವಾರ ಆದೋನಿಗೆ ಹೊರಟೆ. ಬರುತ್ತೇನೆಂದು ಫೋನ್ ಮಾಡಿದಾಗ ನಮ್ಮವರು, ಸ್ಟೇಷನ್ನಿಗೆ ಬರ್ತೀನಿ ಎಂದಷ್ಟೇ ಅಂದರು. ಬಂದು ಗಂಟೆಗಟ್ಟಲೆ ಮೊದಲೇ ನಿಂತಿದ್ದರು ಎಂದು ಆಮೇಲೆ ಖಾಜಾಬೀ ಹೇಳಿದರು.

ಹತ್ತಿ ಮಾರುಕಟ್ಟೆಗೆ ಬರುವ ದಿನಗಳು ಶುರುವಾದಾಗ ಊರಿನ ಗಾಳಿಯಲ್ಲೆಲ್ಲ ಬಿಳಿ ನೂಲಿನ ಚೂರು ಹಾರಾಡುತ್ತದೆ. ಒಣಹಾಕಿದ ಬಟ್ಟೆಗೂ, ಕೂದಲಿಗೂ ಹತ್ತಿಕೊಳ್ಳುತ್ತದೆ. ಅಂಥ ಒಂದು ಸಂಜೆ ದೇವನಕೊಂಡದಿಂದ ಹುಲಿಗೆಮ್ಮನ ದೂರದ ನೆಂಟರೊಬ್ಬರು ಬಂದಿದ್ದರು. ಆಕೆಗೂ ವಯಸ್ಸಾಗಿದೆ, ಮಾತೆಲ್ಲ ತೆಲುಗು, ನಡುನಡುವೆ ಕನ್ನಡ. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಹೊರಗೆ ಹುಲಿಗೆಮ್ಮ ಎರಡೂ ಭಾಷೆ ಬೆರೆಸಿ ಏನೋ ಹೇಳುತ್ತಿದ್ದರು. ಕಿವಿಗೆ ‘ಮಿಲ್ಲು’ ಎಂದು ಬಿತ್ತು, ‘ಏಳು ತಿಂಗಳ ಬಸುರಿ’ ಎಂದು ಬಿತ್ತು. ಕೈ ನಿಲ್ಲಿಸಿದೆ.

ನನ್ನ ಕಥೆಯನ್ನೇ ಹೇಳುತ್ತಿದ್ದರು. ಆದರೆ ರೇಷ್ಮೆ ಹೋಗಿ ಹತ್ತಿಯಾಗಿತ್ತು. ಕುದಿನೀರಿನ ತೊಟ್ಟಿಗಳಿರಲಿಲ್ಲ, ಬೀಜ ಬಿಡಿಸುವ ಯಂತ್ರಗಳಿದ್ದವು. ಕಾರ್ಖಾನೆ ನಮ್ಮೂರಿನ ಹೊಳೆದಂಡೆಯಿಂದ ಎದ್ದು ಬಂದು ಆದೋನಿಯ ಗುಡ್ಡದ ಬುಡದಲ್ಲಿ ನಿಂತಿತ್ತು. ರತ್ನ ಎಂಬ ಹೆಸರು ಮಾತ್ರ ಹಾಗೇ ಉಳಿದಿತ್ತು.

‘ನಮ್ಮ ಸುಮಿತ್ರ ಹೋಗಿ ಕರೆಂಟ್ ತೆಗದುಬಿಟ್ಲು ನೋಡು, ಇಡೀ ಮಿಲ್ಲು ಬಂದ್. ಸುಂಕಮ್ಮ ಬಾಗಿಲಾಗ ಅಡ್ಡ ನಿಂತಾಳ, ಯಾವನೂ ಒಳಗ ಬರದಂಗ. ಇಬ್ಬರೂ ಕೂಡಿ ಮಾಡಿದ್ದು ಅದು’ ಎಂದರು ಹುಲಿಗೆಮ್ಮ.

ಖಾಜಾಬೀಗೆ ಅದು ತಪ್ಪೆಂದು ಗೊತ್ತಿತ್ತು. ಸುಂಕಮ್ಮ ಯಾವ ಬಾಗಿಲಲ್ಲೂ ಹಾಗೆ ನಿಂತಿರಲಿಲ್ಲ. ಆದರೂ ಅವರು ತಿದ್ದಲಿಲ್ಲ. ಹಾಂ, ಹಾಂ ಎನ್ನುತ್ತಿದ್ದರು. ನಮ್ಮವರ ಕುರ್ಚಿಯಿಂದಲೂ ಸದ್ದಿಲ್ಲ. ಹುಲಿಗೆಮ್ಮನಿಗೆ ಮರೆವು ಶುರುವಾಗಿದೆಯೆಂದು ಡಾಕ್ಟರು ಹೇಳಿದ್ದರು. ಅದು ಮರೆವಿನಿಂದ ಆದದ್ದೋ, ಬೇಕೆಂದೇ ಹೇಳಿದ್ದೋ ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದೆ. ನೆಂಟರು ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನರೆತ ಕೂದಲಿನ ಒಳಗೆ ಯಾರನ್ನೋ ಹುಡುಕುವ ಹಾಗಿತ್ತು ಆ ನೋಟ. ಇಲ್ಲಿಗೆ ಬಂದ ಮೇಲೆ ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ.

‘ನಿಜಮೇನಾ?’ ಎಂದು ಆಕೆ ಕೇಳಿದರು. ನಿಜವೇ ಎಂದು.

ಹೌದೆನ್ನಬೇಕಾದರೆ ಹೊಳೆದಂಡೆಯ ಆ ಕಟ್ಟಡ, ಹುಳು ಬೆಂದ ವಾಸನೆ, ಸೆರಗು ಸುತ್ತಿದ ನನ್ನ ಕೈ, ನೀರಿನಿಂದ ಕೈ ತೆಗೆದು ನಿಂತ ನನ್ನೂರಿನ ಹೆಂಗಸರು, ಎಲ್ಲವನ್ನೂ ಒಂದೇ ಮಾತಿಗೆ ಬಿಟ್ಟುಕೊಡಬೇಕಾಗಿತ್ತು. ಕಟ್ಟೆಯ ಮೇಲೆ ಹುಲಿಗೆಮ್ಮ ನನ್ನ ಉತ್ತರಕ್ಕೆ ಕಿವಿ ಕೊಟ್ಟು ಕಾಯುತ್ತಿದ್ದರು.

‘ನಿಜಮೇ’ ಎಂದೆ.